ಪಕ್ಕದ ಮನೆಯಾಕೆ ಗನ್ ಪೆಟ್ಟಿಗೆ ತಂದು "ಎರಡು ವಾರ ಇಟ್ಕೊಳ್ತೀಯಾ?" ಅಂದರು

ಹೊಂಗೆ ನೆರಳು (ಸ್ಯಾನ್ ಆಂಟೋನಿಯೊ, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಅಂತ ಮೂರು ದಿನ ಒದ್ದಾಡಿದೆ. ವಿಷಯ ಭಾರದ್ದು, ಆತ್ಮಹತ್ಯೆಯ ಮಾತು ಬರುತ್ತದೆ. ಓದಲಿಕ್ಕೆ ಕಷ್ಟ ಆಗುವವರು ಇಲ್ಲಿಗೇ ಬಿಟ್ಟುಬಿಡಿ.

ನಮ್ಮ ಪಕ್ಕದ ಮನೆಯಾಕೆ ಅಮೆರಿಕದ ಆರ್ಮಿಯಲ್ಲಿ ಹನ್ನೆರಡು ವರ್ಷ ಇದ್ದವರು. ಎರಡು ಸಲ ಇರಾಕಿಗೆ ಹೋಗಿ ಬಂದಿದ್ದಾರೆ, ಸಾಮಾನು ಸಾಗಿಸುವ ದೊಡ್ಡ ಲಾರಿ ಓಡಿಸುತ್ತಿದ್ದರಂತೆ. ಒಬ್ಬರೇ ಇರುತ್ತಾರೆ, ಜೊತೆಗೊಂದು ಮುದಿ ನಾಯಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸೆಲ್ಲ ಹೆಪ್ಪುಗಟ್ಟಿ ಕರೆಂಟು ಹೋಗಿತ್ತಲ್ಲ, ಆಗ ನನ್ನ ಕರಿಬೇವಿನ ಕುಂಡವನ್ನು ಅವರೇ ಎತ್ತಿಕೊಂಡು ಹೋಗಿ, ಗ್ಯಾರೇಜಿನಲ್ಲಿ ಹಳೇ ಮಿಲಿಟರಿ ಕಂಬಳಿ ಸುತ್ತಿ ಉಳಿಸಿಕೊಟ್ಟರು. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಕಳೆದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ ಬಾಗಿಲು ತಟ್ಟಿದರು. ಕೈಯಲ್ಲಿ ಬೂದು ಬಣ್ಣದ ಚಿಕ್ಕ ಪೆಟ್ಟಿಗೆ. "ಎರಡು ವಾರ ನಿನ್ನ ಹತ್ರ ಇಟ್ಕೊಳ್ತೀಯಾ? ಯಾಕೆ ಅಂತ ಕೇಳಬೇಡ" ಅಂದರು. ಒಳಗಿರುವುದು ಅವರ ಪಿಸ್ತೂಲು ಅಂತ ನನಗೆ ಗೊತ್ತಾಯಿತು. ಒಳಗೆ ಮಕ್ಕಳು ಮಲಗಿದ್ದವು. ನನ್ನ ಬಾಯಿಂದ ಬಂದದ್ದು, "ನಮ್ಮೆಜಮಾನ್ರನ್ನ ಕೇಳಿ ಹೇಳ್ತೀನಿ". ಅವರು "ಪರವಾಗಿಲ್ಲ, ಮರೆತುಬಿಡು" ಅಂತ ಹೊರಟುಹೋದರು. ನಾನು ಬಾಗಿಲು ಹಾಕಿಕೊಂಡೆ.

ಅವರು ಕ್ಷೇಮವಾಗಿದ್ದಾರೆ. ಆ ರಾತ್ರಿ ಅವರೇ ತಮ್ಮ ಅಕ್ಕನಿಗೆ ಫೋನ್ ಮಾಡಿ, ಅವರು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಮೊನ್ನೆ. ಅಂದಿನಿಂದ ಆ ಬಾಗಿಲು ಹಾಕಿದ ಸದ್ದು ಕಿವಿಯಲ್ಲೇ ಇದೆ. ನಾನು ಏನು ಮಾಡಬೇಕಿತ್ತು? ಇನ್ನೊಮ್ಮೆ ಬಂದರೆ ಏನು ಮಾಡಲಿ? ನಾವಿಲ್ಲಿ ಎಚ್1ಬಿ, ಎಚ್4 ವೀಸಾದ (ಕೆಲಸದ ವೀಸಾ, ಅವರ ಕುಟುಂಬದ ವೀಸಾ) ಮೇಲಿದ್ದೇವೆ.

---

ವೇದಿಕೆಯ ನಿರ್ವಾಹಕರು

ಚರ್ಚೆ ಮುಂದುವರಿಯಲಿ. ಓದುವವರಲ್ಲಿ ಯಾರಿಗಾದರೂ ಈಗಲೇ ಸಂಕಟ ಇದ್ದರೆ: ಅಮೆರಿಕದಲ್ಲಿ 988ಕ್ಕೆ ಕರೆ ಮಾಡಿ, ಮಿಲಿಟರಿಯಲ್ಲಿದ್ದವರು 1 ಒತ್ತಿ. ಅವರು 838255ಕ್ಕೆ ಮೆಸೇಜನ್ನೂ ಕಳಿಸಬಹುದು. ಭಾರತದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ವಿಧಾನಗಳ ವಿವರ ಯಾರೂ ಬರೆಯಬೇಡಿ.

---

ರಾತ್ರಿ ಪಾಳಿ (ಒಹಾಯೊ)

ಅಕ್ಕ, ಮೊದಲು ಒಂದು ಮಾತು. ಪೆಟ್ಟಿಗೆ ತೆಗೆದುಕೊಳ್ಳದೇ ಇದ್ದದ್ದು ತಪ್ಪಲ್ಲ. ತೆಗೆದುಕೊಂಡಿದ್ದರೆ ನಿಮಗೇ ತೊಂದರೆಯಾಗುತ್ತಿತ್ತು. ಎಚ್1ಬಿ, ಎಚ್4, ಎಫ್1 ಥರದ ವೀಸಾದಲ್ಲಿರುವವರು ಗನ್ನು, ತೋಟಾ ಇಟ್ಟುಕೊಳ್ಳುವುದು ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ಅವನ್ನು ನಂಬಿಕೊಂಡು ಹೋಗಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಅಡ್ಡಿ ಇಲ್ಲ. ನಮ್ಮ ಜನಕ್ಕೆ ಇದು ಗೊತ್ತೇ ಇಲ್ಲ, ಸ್ನೇಹಕ್ಕೆ ಕಟ್ಟುಬಿದ್ದು ಇಟ್ಟುಕೊಂಡುಬಿಡುತ್ತಾರೆ.

ಆದರೆ "ನನ್ನ ಹತ್ರ ಇಡೋಕಾಗಲ್ಲ" ಅನ್ನುವುದಕ್ಕೂ "ಒಳಗೆ ಬಾ, ಎಲ್ಲಿಡೋಣ ಅಂತ ಇಬ್ಬರೂ ನೋಡೋಣ" ಅನ್ನುವುದಕ್ಕೂ ಬಹಳ ಅಂತರ ಇದೆಯಲ್ಲವಾ. ಅವರು ಪೆಟ್ಟಿಗೆ ಹಿಡಿದು ನಿಮ್ಮ ಬಾಗಿಲಿಗೆ ಬಂದದ್ದೇ ದೊಡ್ಡ ಕೆಲಸ. ಬದುಕಬೇಕು ಅನ್ನುವ ಭಾಗ ಅವರೊಳಗೆ ಗಟ್ಟಿಯಾಗಿತ್ತು, ಅದೇ ಅವರನ್ನು ನಡೆಸಿಕೊಂಡು ಬಂತು.

ನಾನು ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ನರ್ಸ್. ಮಾಜಿ ಸೈನಿಕರನ್ನು ನೋಡಿಕೊಳ್ಳುವ ಇಲ್ಲಿನ ವೆಟರನ್ಸ್ ಇಲಾಖೆ ಪ್ರತಿವರ್ಷ ಲೆಕ್ಕ ಕೊಡುತ್ತದೆ. 2021ರಲ್ಲಿ 6,392 ಮಾಜಿ ಸೈನಿಕರು ಆತ್ಮಹತ್ಯೆಯಿಂದ ತೀರಿಕೊಂಡರು, ಅವರಲ್ಲಿ 350 ಮಂದಿ ಹೆಂಗಸರು. ಸಂಖ್ಯೆ ಸಣ್ಣದು ಅನಿಸಬಹುದು. ಆದರೆ ಆ ಒಂದೇ ವರ್ಷದಲ್ಲಿ ಗಂಡಸರ ದರ 6.3% ಏರಿದರೆ ಹೆಂಗಸರದ್ದು 24.1% ಏರಿತು. ಆ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಸಾವು ಗನ್ನಿನಿಂದ. ಮಿಲಿಟರಿ ಮುಖ ನೋಡದ ಹೆಂಗಸರಿಗೆ ಹೋಲಿಸಿದರೆ ಗನ್ನಿನ ಆತ್ಮಹತ್ಯೆ ಇವರಲ್ಲಿ ಎಷ್ಟೋ ಪಟ್ಟು ಹೆಚ್ಚು. ಮರುವರ್ಷ ಹೆಂಗಸರ ದರ ಇಳಿಯಿತು, ಹಾಗಂತ ನಿರಾಳವಾಗುವ ಹಾಗಿಲ್ಲ. ಗನ್ನು ಬಳಸಿ ಅಭ್ಯಾಸ, ಮನೆಯಲ್ಲಿ ಗನ್ನು ಇರುವುದು ಸಹಜ, ನೋವು ಹೇಳಿಕೊಳ್ಳುವುದು ಮಾತ್ರ ಸಹಜವಲ್ಲ. ಮೂರೂ ಸೇರಿದಾಗ ಭಯವಾಗುತ್ತದೆ.

ಪಾಳಿ ಶುರುವಾಯಿತು. ಬೆಳಿಗ್ಗೆ ಮತ್ತೆ ಬರೆಯುತ್ತೇನೆ.

---

ಕೆಲಗೇರಿ ಕೆರಿ (ಧಾರವಾಡ)

ಅಲ್ರೀ, ತಪ್ಪು ತಿಳ್ಕೋಬ್ಯಾಡ್ರಿ, ಮನಸ್ಸಿನಾಗ ಇದ್ದದ್ದು ಕೇಳ್ತೀನಿ. ಸಾಯಬೇಕಂತ ಗಟ್ಟಿ ಮನಸ್ಸು ಮಾಡಿದವ್ರಿಗೆ ಒಂದು ದಾರಿ ಮುಚ್ಚಿದ್ರ ಇನ್ನೊಂದು ಸಿಗೂದಿಲ್ಲೇನು? ಪೆಟಗಿಗೆ ಕೀಲಿ ಜಡದ್ರ ಒಳಗಿನ ದುಃಖಕ್ಕ ಏನ್ ಪರಿಹಾರ ಆತು? ನಮ್ಮ ಕಾಕಾನ ಮಗ ಹೋಗಿ ಆರು ವರ್ಷ ಆತು. ಗನ್ನಲ್ಲ, ಬ್ಯಾರೆ. ಮನ್ಯಾಗ ಎಲ್ಲಾ ಅಡಗಿಸಿ ಇಟ್ಟಿದ್ವಿ, ಆದ್ರೂ ಹ್ವಾದ. ಅದಕ್ಕ ಕೇಳಾಕತ್ತೀನಿ.

---

ಜಯನಗರ ನಾಲ್ಕನೇ ಬ್ಲಾಕ್ (ಬೆಂಗಳೂರು)

ಧಾರವಾಡದ ಸರ್, ನಿಮ್ಮ ಮನೆಯಲ್ಲಾದದ್ದಕ್ಕೆ ಏನು ಹೇಳಬೇಕೋ ತೋಚುತ್ತಿಲ್ಲ. ನೀವು ಅಡಗಿಸಿಟ್ಟದ್ದು ವ್ಯರ್ಥ ಅಂತ ಮಾತ್ರ ಅಂದುಕೊಳ್ಳಬೇಡಿ. ಅಷ್ಟು ದಿನ ಉಳಿದದ್ದೂ ಅದರಿಂದಲೇ ಇರಬಹುದು.

ನಾನು ಸಾರ್ವಜನಿಕ ಆರೋಗ್ಯದಲ್ಲಿ ಕೆಲಸ ಮಾಡುವವಳು. ನಿಮ್ಮ ಪ್ರಶ್ನೆಯನ್ನು ನಮ್ಮಲ್ಲೂ ಎಲ್ಲರೂ ಮೊದಲು ಕೇಳುತ್ತಾರೆ. ಸಾಯುವ ನಿರ್ಧಾರ ತಿಂಗಳುಗಟ್ಟಲೆ ಕೂತು ಮಾಡುವ ತೀರ್ಮಾನ ಅಂತ ನಾವು ಭಾವಿಸುತ್ತೇವೆ. ದುಃಖ ತಿಂಗಳುಗಟ್ಟಲೆ ಇರಬಹುದು, ಆದರೆ ಕೈ ಮುಂದೆ ಹೋಗುವ ಆ ಗಳಿಗೆ ಬಹಳ ಮಂದಿಯಲ್ಲಿ ಚಿಕ್ಕದು. ಬದುಕುಳಿದವರನ್ನು ಕೇಳಿದಾಗ ಹತ್ತು ನಿಮಿಷದೊಳಗೆ ಎಲ್ಲ ನಡೆದುಹೋಯಿತು ಅಂದವರು ಬಹಳ. ಆ ಗಳಿಗೆ ದಾಟಿಸಿದರೆ ಮನುಷ್ಯ ಉಳಿಯುತ್ತಾನೆ. ಒಮ್ಮೆ ಪ್ರಯತ್ನಿಸಿ ಬದುಕಿದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಗನ್ನಿನ ಕಷ್ಟ ಏನೆಂದರೆ ಅದು ಎರಡನೇ ಅವಕಾಶ ಕೊಡುವುದಿಲ್ಲ.

ಇಸ್ರೇಲಿನ ಸೈನ್ಯದಲ್ಲಿ ಹುಡುಗರು ವಾರಾಂತ್ಯದ ರಜೆಗೆ ಮನೆಗೆ ಹೋಗುವಾಗ ರೈಫಲ್ ಜೊತೆಗೇ ಒಯ್ಯುತ್ತಿದ್ದರು. 2006ರಲ್ಲಿ ಅದನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಅಂತ ನಿಯಮ ಬದಲಾಯಿತು. ಆತ್ಮಹತ್ಯೆ ಸುಮಾರು 40% ಇಳಿಯಿತು. ನಿಮ್ಮ ಮಾತಿನಂತೆ ಇನ್ನೊಂದು ದಾರಿ ಹುಡುಕಿಕೊಂಡಿದ್ದರೆ, ಅಥವಾ ಶಿಬಿರಕ್ಕೆ ವಾಪಸ್ ಬಂದ ಮೇಲೆ ವಾರದ ದಿನಗಳಲ್ಲಿ ಮಾಡಿಕೊಂಡಿದ್ದರೆ, ಆ ಲೆಕ್ಕ ಏರಬೇಕಿತ್ತು. ಏರಲಿಲ್ಲ. ಶ್ರೀಲಂಕಾದಲ್ಲಿ ಅತಿ ವಿಷದ ಕ್ರಿಮಿನಾಶಕಗಳನ್ನು 1995ರ ಹೊತ್ತಿಗೆ ನಿಷೇಧಿಸಿದರು, ಹತ್ತು ವರ್ಷದಲ್ಲಿ ಆತ್ಮಹತ್ಯೆಯ ದರ ಅರ್ಧಕ್ಕಿಳಿಯಿತು. ಆ ಜನರ ಸಾಲ ತೀರಿರಲಿಲ್ಲ, ಕುಡಿತ ನಿಂತಿರಲಿಲ್ಲ. ಆದರೂ ಅಷ್ಟು ಜನ ಉಳಿದರು.

ದುಃಖಕ್ಕೆ ಕೀಲಿ ಪರಿಹಾರವಲ್ಲ, ಒಪ್ಪುತ್ತೇನೆ. ಪರಿಹಾರ ಹುಡುಕಲು ಮನುಷ್ಯ ಇರಬೇಕಲ್ಲ ಸರ್.

---

ಬೂಟು ಬಿಚ್ಚಿಟ್ಟವಳು (ಕೊಲರಾಡೊ)

ಮೂರು ವರ್ಷದಿಂದ ಇಲ್ಲಿ ಸುಮ್ಮನೆ ಓದುತ್ತಿದ್ದೆ. ಇವತ್ತು ಬರೆಯುತ್ತೇನೆ.

ನಾನು ದಾವಣಗೆರೆಯವಳು. ಗ್ರೀನ್ ಕಾರ್ಡ್ ಬಂದ ವರ್ಷವೇ ಆರ್ಮಿ ಸೇರಿದೆ, ಆರು ವರ್ಷ ಇದ್ದೆ, ವೈದ್ಯಕೀಯ ದಳದಲ್ಲಿ. ಹೊರಗೆ ಬಂದು ಏಳು ವರ್ಷವಾಯಿತು. ಈಗಲೂ ಮಾಜಿ ಸೈನಿಕರ ಜಾಗದಲ್ಲಿ ಕಾರು ನಿಲ್ಲಿಸಿದರೆ "ನಿಮ್ಮ ಗಂಡ ಯಾವ ರೆಜಿಮೆಂಟು?" ಅಂತ ಕೇಳುತ್ತಾರೆ. ಒಂದೆರಡು ಸಲವಾದರೆ ನಕ್ಕು ಬಿಡಬಹುದು. ವರ್ಷಗಟ್ಟಲೆ ಕೇಳಿಸಿಕೊಂಡರೆ ನಾನು ಸೈನಿಕಳಾಗಿದ್ದೆ ಅನ್ನುವುದನ್ನು ಹೇಳುವುದೇ ಬಿಟ್ಟುಬಿಡುತ್ತೇವೆ. ಸಹಾಯ ಕೇಳಲು ಹೋಗಬೇಕಾದ ಕಿಟಕಿಯ ಮುಂದೂ ಹೇಳುವುದಿಲ್ಲ.

ಗನ್ನಿನ ವಿಷಯ. ವೆಟರನ್ಸ್ ಇಲಾಖೆಯ ವೈದ್ಯರು ಕೇಳಿದಾಗ ಮಿಲಿಟರಿಯಲ್ಲಿ ಲೈಂಗಿಕ ದೌರ್ಜನ್ಯ ಆಗಿತ್ತು ಅಂತ ಹೇಳುವ ಹೆಂಗಸರು ಸುಮಾರು ಮೂವರಲ್ಲಿ ಒಬ್ಬರು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬಳು. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ. ಮಾಡಿದವನು ಶತ್ರುವಲ್ಲ, ನಮ್ಮವನೇ, ಅದೇ ಸಮವಸ್ತ್ರ. ಆಮೇಲೆ ಬೀಗ ಹಾಕಿದ ಬಾಗಿಲನ್ನೂ ನಂಬಲಾಗಲಿಲ್ಲ. ದಿಂಬಿನ ಪಕ್ಕದ ಡ್ರಾಯರಿನಲ್ಲಿ ಪಿಸ್ತೂಲು ಇದ್ದರೆ ಮಾತ್ರ ಎರಡು ಗಂಟೆ ನಿದ್ದೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕು ಅಂದವರೆಲ್ಲ ನನಗೆ "ನಿದ್ದೆ ಮಾಡಬೇಡ" ಅಂದ ಹಾಗೆ ಕೇಳಿಸುತ್ತಿತ್ತು.

ನನ್ನನ್ನು ಕಾಯುತ್ತಿದ್ದ ಅದೇ ವಸ್ತು ಒಂದು ಚಳಿಗಾಲ ನನ್ನನ್ನೇ ನೋಡತೊಡಗಿತು. ಡಾಕ್ಟರಿಗೆ ಹೇಳಲಿಲ್ಲ, ಹೇಳಿದರೆ ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಹೆದರಿಕೆ. ಜೊತೆಗೆ ದುಡಿದ ಗೆಳತಿಯೊಬ್ಬಳು ಫೋನಿನಲ್ಲಿ ನನ್ನ ದನಿ ಕೇಳಿಯೇ ಹಿಡಿದಳು. ಸುತ್ತಿಬಳಸಲಿಲ್ಲ. "ಸಾಯೋ ಯೋಚನೆ ಬರ್ತಿದೆಯಾ?" ಅಂದಳು. ಹೂಂ ಅಂದೆ. "ಗನ್ ಎಲ್ಲಿದೆ?" ಅಂದಳು. ಹೇಳಿದೆ. "ಅದನ್ನ ನಿನ್ನಿಂದ ಕಿತ್ತುಕೊಳ್ಳೋಕೆ ಬಂದಿಲ್ಲ. ರಾತ್ರಿ ಯಾವುದಕ್ಕೆ ಹೆದರ್ತೀಯ ಅದನ್ನು ಮೊದಲು ಹೇಳು" ಅಂದಳು.

ಹೇಳಿದೆ, ಬರೆದುಕೊಂಡಳು. ಶನಿವಾರ ಬಂದು ಹಿತ್ತಲಲ್ಲಿ ಯಾರಾದರೂ ಅಲುಗಾಡಿದರೆ ಹತ್ತಿಕೊಳ್ಳುವ ದೀಪ, ಬಾಗಿಲಿಗೆ ಕ್ಯಾಮೆರಾ, ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ, ಎಲ್ಲ ಹಾಕಿಕೊಟ್ಟಳು. ಅದೆಲ್ಲ ಮುಗಿದ ಮೇಲೆಯೇ ಗನ್ನಿನ ಸುದ್ದಿ ತೆಗೆದಳು. ಇಲಾಖೆ ಉಚಿತವಾಗಿ ಕೊಡುವ ಕೇಬಲ್ ಬೀಗ ತಂದಿದ್ದಳು. ಸೈಕಲ್ಲಿನ ಚೈನು ಬೀಗದಂಥದ್ದು, ತೆಳ್ಳಗಿರುತ್ತದೆ. ಗನ್ ಖಾಲಿ ಮಾಡಿ ಅದರೊಳಗೆ ತೂರಿಸಿ ಬೀಗ ಹಾಕಿದರೆ ತೋಟಾ ಕೂರುವ ಜಾಗಕ್ಕೆ ತೋಟಾ ಹೋಗುವುದೇ ಇಲ್ಲ. ತೋಟಾ ಅವಳು ಒಯ್ದಳು. ಬೀಗದ ಕೈ ಎರಡಿದ್ದವು. ಒಂದು ಅವಳ ಹತ್ತಿರ. ಇನ್ನೊಂದನ್ನು ನಾನೇ ಲಕೋಟೆಗೆ ಹಾಕಿ ದಾವಣಗೆರೆಯಲ್ಲಿರುವ ಅಕ್ಕನಿಗೆ ಪೋಸ್ಟ್ ಮಾಡಿದೆ. ಯಾವುದರ ಬೀಗದ ಕೈ ಅಂತ ಅಕ್ಕನಿಗೆ ಹೇಳಲೇಬೇಕಾಯಿತು. ಫೋನಿನಲ್ಲಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ದೇವರ ಮನೆ ಕುಂಕುಮದ ಭರಣಿ ಒಳಗಿಟ್ಟಿದೀನಿ, ನೀನೇ ಬಂದು ತಗೊಂಡು ಹೋಗು" ಅಂದಳು.

ಹೋಗಿ ತಂದೆ, ಹದಿನಾಲ್ಕು ತಿಂಗಳ ಮೇಲೆ.

---

ಹೊಂಗೆ ನೆರಳು

ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಏನು ಬರೆಯಲಿ.

---

ರಾತ್ರಿ ಪಾಳಿ

ಬೂಟು ಬಿಚ್ಚಿಟ್ಟವಳು ಅವರೇ, ಬರೆದದ್ದಕ್ಕೆ ಕೈಮುಗಿಯುತ್ತೇನೆ. "ಕಿತ್ತುಕೊಳ್ಳೋಕೆ ಬಂದಿಲ್ಲ" ಅನ್ನುವ ಒಂದು ವಾಕ್ಯ ಕಲಿಯಲು ನಮಗೆ ಆಸ್ಪತ್ರೆಯಲ್ಲಿ ವರ್ಷಗಳು ಬೇಕಾದವು. ಗನ್ ಇದೆ ಅಂತ ವೈದ್ಯರಿಗೆ ಹೇಳಿದ ಮಾತ್ರಕ್ಕೆ ಇಲಾಖೆಯವರು ಬಂದು ಅದನ್ನು ಒಯ್ಯುವುದಿಲ್ಲ. ಇದನ್ನು ಗೊತ್ತಿದ್ದವರಿಗೆಲ್ಲ ಹೇಳಿ. 2016ರಲ್ಲಿ ಮಾಜಿ ಸೈನಿಕ ಮಹಿಳೆಯರ ಆತ್ಮಹತ್ಯೆ ತಡೆಗೇ ಅಂತ ಪ್ರತ್ಯೇಕ ಕಾನೂನು ಬಂತು. ಯಾವ ಚಿಕಿತ್ಸೆ ಹೆಂಗಸರಿಗೆ ನಿಜಕ್ಕೂ ನಾಟುತ್ತದೆ ಅಂತ ಬೇರೆಯಾಗಿ ನೋಡಿ ಅನ್ನುವುದು ಅದರ ತಿರುಳು. ಅಲ್ಲಿಯವರೆಗೆ ಗಂಡಸರಿಗೆ ಹೊಲಿದ ಅಂಗಿಯನ್ನೇ ಇವರಿಗೂ ತೊಡಿಸುತ್ತಿದ್ದೆವು.

ದುಡ್ಡಿನ ಹೆದರಿಕೆ ಇರುವವರಿಗೆ: 2023ರ ಜನವರಿ 17ರಿಂದ, ಪ್ರಾಣಕ್ಕೆ ಅಪಾಯ ಅನ್ನುವ ಸ್ಥಿತಿಯಲ್ಲಿರುವ ಅರ್ಹ ಮಾಜಿ ಸೈನಿಕರು ಇಲಾಖೆಯಲ್ಲಿ ಹೆಸರು ನೋಂದಾಯಿಸಿರದಿದ್ದರೂ ಯಾವ ಆಸ್ಪತ್ರೆಗೆ ಹೋದರೂ ತುರ್ತು ಚಿಕಿತ್ಸೆ ಉಚಿತ. ಒಳರೋಗಿಯಾಗಿ 30 ದಿನ, ಹೊರರೋಗಿಯಾಗಿ 90 ದಿನದವರೆಗೆ.

ಗನ್ನನ್ನು ಮನೆಯಿಂದ ಹೊರಗಿಡಲು ಕೆಲವು ಗನ್ ಅಂಗಡಿಗಳೇ ಜಾಗ ಕೊಡುತ್ತವೆ. 2009ರಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಒಂದೇ ಅಂಗಡಿಯಿಂದ ಗನ್ ಕೊಂಡ ಮೂವರು ಒಂದೇ ವಾರದೊಳಗೆ ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬರಿಗೊಬ್ಬರು ಪರಿಚಯವೇ ಇರಲಿಲ್ಲ. ಆ ಅಂಗಡಿಯ ಮಾಲೀಕ ರಾಲ್ಫ್ ಡೆಮಿಕೊ ಆರೋಗ್ಯ ಕಾರ್ಯಕರ್ತರ ಜೊತೆ ಕೂತು, ಸಂಕಟದಲ್ಲಿರುವ ಗಿರಾಕಿಯನ್ನು ಗುರುತಿಸುವುದು ಹೇಗೆ ಅಂತ ಅಂಗಡಿಯವರಿಗೆ ತಿಳಿಸುವ ಕೆಲಸ ಶುರುಮಾಡಿದರು. ಆಮೇಲೆ ಎಷ್ಟೋ ರಾಜ್ಯಗಳಲ್ಲಿ ಅದು ಹಬ್ಬಿತು. ಬಿಳಿ ಕೋಟಿನವರು ಹೇಳಿದರೆ ಕೇಳದವರು ಗನ್ ಗೊತ್ತಿರುವವರು ಹೇಳಿದರೆ ಕೇಳುತ್ತಾರೆ. ಅಂಗಡಿಯಿಂದ ವಾಪಸ್ ಪಡೆಯುವಾಗ ಹಿನ್ನೆಲೆ ತಪಾಸಣೆ ಇರಬಹುದು, ಮೊದಲೇ ಕೇಳಿಟ್ಟುಕೊಳ್ಳಿ. ಒಂದೊಂದು ರಾಜ್ಯದ ನಿಯಮ ಒಂದೊಂದು ಥರ.

---

ತೋಕ್ ಪೂ (ವಿರಾಜಪೇಟೆ)

ಕೊಡಗಿನಿಂದ ಒಂದು ಮಾತು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಈಡು (ಗುಂಡು ಹಾರಿಸುವುದು), ಮನೆಯಲ್ಲಿ ಸಾವಾದರೆ ಎರಡು ಈಡು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ. ನಮಗೆ ಕೋವಿ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, 2019ರಲ್ಲಿ ಕೇಂದ್ರ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ಮನೆಗೊಬ್ಬರು ಮಿಲಿಟರಿಯಲ್ಲಿ. ಹಾಗಾಗಿ ಟೆಕ್ಸಾಸಿನ ಆ ಮನೆ ನನಗೆ ದೂರದ್ದು ಅನಿಸಲಿಲ್ಲ.

ನಾನು ಮಿಲಿಟರಿ ನರ್ಸಿಂಗಿನಲ್ಲಿ ಇದ್ದು ನಿವೃತ್ತಳಾದವಳು. ನಾವು ಹೆಂಗಸರು ಎಷ್ಟೋ ಜನ ಈಗ ಹೊರಗೆ ಬರುತ್ತಿದ್ದೇವೆ. ಭಾರತದ ಸೇನೆಗೆ ನರ್ಸ್, ಡಾಕ್ಟರುಗಳಲ್ಲದ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳಲು ಶುರುಮಾಡಿದ್ದು 1992ರಲ್ಲಿ. ಕಾಯಂ ಹುದ್ದೆಗೆ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2020ರಲ್ಲಿ. ಅದರ ನಡುವೆ ಹತ್ತು ಹದಿನಾಲ್ಕು ವರ್ಷ ದುಡಿದು ನಡುವಯಸ್ಸಿನಲ್ಲಿ ಮನೆಗೆ ಬಂದವರು ಎಷ್ಟೋ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇನಲ್ಲಿ 83 ಹುಡುಗಿಯರು ಸಿಪಾಯಿಗಳಾಗಿ ಹೊರಬಂದರು. ಅವರೂ ಒಂದು ದಿನ ಮಾಜಿಗಳಾಗುತ್ತಾರೆ. ಊರಿಗೆ ಬಂದ ಮಾಜಿ ಸೈನಿಕನನ್ನು ಎಲ್ಲರೂ "ಸುಬೇದಾರ್ರೇ" ಅಂತ ಕೂರಿಸಿಕೊಂಡು ಮಾತಾಡಿಸುತ್ತಾರೆ, ಹೆಂಗಸಿಗೆ ಮರುದಿನದಿಂದಲೇ ಒಲೆ. ನಿದ್ದೆ ಬರುತ್ತಾ ಅಂತ ಯಾರು ಕೇಳುತ್ತಾರೆ? ಸೇನೆಯವರಿಗೇ ಅಂತ ಟೆಲಿ ಮಾನಸ್‌ನ ಒಂದು ವಿಭಾಗ 2023ರ ಡಿಸೆಂಬರಿನಿಂದ ಪುಣೆಯಲ್ಲಿದೆ. ಅದೂ ಬಹಳ ಮನೆಗಳಿಗೆ ತಿಳಿದಿಲ್ಲ.

ನನ್ನ ದೊಡ್ಡಮ್ಮ ಓದಿದವರಲ್ಲ. ದೊಡ್ಡಪ್ಪ ತೀರಿಕೊಂಡ ತಿಂಗಳು, ಅವರ ಮಗ ಮಂಕಾಗಿ ಊಟ ಬಿಟ್ಟದ್ದು ನೋಡಿ, ಗೋಡೆಯ ಕೋವಿಯನ್ನು "ತುಕ್ಕು ಹಿಡಿದಿದೆ, ಎಣ್ಣೆ ಹಾಕಿಸಬೇಕು" ಅಂತ ಹೇಳಿ ಒಕ್ಕದ (ನಮ್ಮ ಕುಲದ) ಹಿರಿಯರ ಮನೆಗೆ ಕಳಿಸಿದರು. ಹುತ್ತರಿ ಹಬ್ಬ ಕಳೆದ ಮೇಲೆ ವಾಪಸ್ ಬಂತು. ಯಾರ ಮಾನವೂ ಹೋಗಲಿಲ್ಲ.

---

ಅಡಿಕೆ ಸೋಗೆ (ತೀರ್ಥಹಳ್ಳಿ)

ಮಲೆನಾಡಿನವರಿಗೆ ಇದು ಹೊಸದಲ್ಲ. ಬೆಳೆ ರಕ್ಷಣೆಗೆ ಲೈಸೆನ್ಸ್ ಇಟ್ಟುಕೊಂಡ ನಮ್ಮಂಥವರು ಚುನಾವಣೆ ಬಂದಾಗೆಲ್ಲ ಕೋವಿ ಠಾಣೆಗೆ ಜಮಾ ಮಾಡಿ ರಸೀದಿ ತರುತ್ತೇವೆ. ಗೊಣಗುತ್ತೇವೆ, ಆದರೆ ಕೊಡುತ್ತೇವೆ. ಚುನಾವಣೆಗೆ ಎರಡು ತಿಂಗಳು ಕೊಡುವವರು ಮನೆಯವರ ಮನಸ್ಸು ಕೆಟ್ಟಾಗ ಎರಡು ತಿಂಗಳು ಕೊಡಲಾರೆವೇ?

---

ಎರಡನೇ ಬೀರು (ವರ್ಜೀನಿಯಾ)

ನನ್ನ ಹೆಂಡತಿ ನೇವಿಯಲ್ಲಿದ್ದವಳು, ಇಲ್ಲಿಯವಳು. ಗನ್ನು ನನ್ನದು. ಇದನ್ನು ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ: ಅಪಾಯ ಇರುವುದು ಹೆಂಗಸಿನ ಹೆಸರಿನಲ್ಲಿರುವ ಗನ್ನಿನಿಂದ ಮಾತ್ರವಲ್ಲ. ಗಂಡ ಬೀರುವಿನ ಮೇಲೆ ಇಟ್ಟದ್ದರಿಂದಲೂ. "ನಿಮ್ಮ ಹತ್ರ ಗನ್ ಇದೆಯಾ?" ಅಂತ ಡಾಕ್ಟರ್ ಕೇಳಿದಾಗ ಅವಳು "ಇಲ್ಲ" ಅಂದಳು. ಸುಳ್ಳಲ್ಲ, ಅವಳದ್ದಿರಲಿಲ್ಲ. ಮನೆಯಲ್ಲಿ ಎರಡಿದ್ದವು.

ನಾನು ಮಾಡಿದ ತಪ್ಪು ಇನ್ನೊಂದು. ಅವಳ ಸ್ಥಿತಿ ನೋಡಿ ಹೆದರಿ ಹೇಳದೆ ಕೇಳದೆ ಸೇಫಿನ ಕೋಡ್ ಬದಲಾಯಿಸಿದೆ. ಅವಳಿಗೆ ತಿಳಿಯಿತು. "ನನ್ನನ್ನು ಮಗು ಅಂದುಕೊಂಡಿದೀಯಾ?" ಅಂದವಳು ಮೂರು ವಾರ ನನಗೆ ಏನನ್ನೂ ಹೇಳಲಿಲ್ಲ. ಆ ಮೂರು ವಾರ ಸೇಫಿಗೆ ಬೀಗ ಇತ್ತು, ಆದರೆ ಅವಳ ಒಳಗೇನಿದೆ ಅಂತ ನೋಡುವ ಕಿಟಕಿಯೂ ಮುಚ್ಚಿಹೋಗಿತ್ತು. ಕೊನೆಗೆ ಅವಳೇ ಕೂತು ಕಾಗದದ ಮೇಲೆ ಬರೆದಳು: ರಾತ್ರಿ ನಿದ್ದೆ ತಪ್ಪಿ ಎರಡು ದಿನವಾದರೆ, ಊಟ ಬಿಟ್ಟರೆ, ಗನ್ನು ತಮ್ಮನ ಮನೆಗೆ ಹೋಗಬೇಕು. ಯಾವಾಗ ವಾಪಸ್ ಅನ್ನುವುದನ್ನೂ ಅವಳೇ ಬರೆದಳು. ಎರಡು ಸಲ ಹೋಗಿ ಬಂದಿದೆ.

ಪ್ರಾಣ ಈಗಲೇ ಹೋಗುತ್ತದೆ ಅನ್ನುವ ಗಳಿಗೆಯಲ್ಲಿ ಕೇಳುತ್ತ ಕೂರಬೇಡಿ, ಎತ್ತಿಡಿ, ಫೋನ್ ಮಾಡಿ. ಅದಕ್ಕೆ ಮೊದಲೇ, ಮನಸ್ಸು ನೆಟ್ಟಗಿರುವಾಗ ಮಾತಾಡಿಕೊಂಡಿರಿ ಅಂತ ನಾನು ಹೇಳುವುದು.

---

ಕೆಲಗೇರಿ ಕೆರಿ

ಎಲ್ಲಾ ಓದಿದೆ. ನನ್ನ ಮಾತು ಹಿಂದ ತಗೋತೀನಿ ಅನ್ನೂದಿಲ್ಲ, ಆದ್ರ ಎದಿಯಾಗಿನ ಒಂದು ಗಂಟು ಸಡಲ ಆತು. ಒಂದು ಕೇಳ್ತೀನ್ರಿ. ನಾವು ಅವಂಗ ಬಾಯಿಬಿಟ್ಟು ಕೇಳಲೇ ಇಲ್ಲ. ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹಾಕಿದಂಗ ಆಗ್ತದ ಅಂತ ಹೆದರಿದ್ವಿ. ಕೇಳಬಹುದೇನು?

---

ಬೂಟು ಬಿಚ್ಚಿಟ್ಟವಳು

ಕೇಳಬಹುದು ಅಣ್ಣ. ಆ ಯೋಚನೆ ನಿಮಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತದೆ. ನೀವು ಕೇಳಿದರೆ ಅದರ ಜೊತೆ ಒಬ್ಬರೇ ಇರುವುದು ತಪ್ಪುತ್ತದೆ. ಕೇಳಿದ ಮೇಲೆ ಬುದ್ಧಿ ಹೇಳಲು ಹೋಗಬೇಡಿ, ಸುಮ್ಮನೆ ಕೂತಿರಿ. ಮಕ್ಕಳ ಮುಖ ನೋಡು, ದೇವರು ಕೊಟ್ಟ ಜೀವ, ಇವೆಲ್ಲ ಆಮೇಲೆ. ನಿಮ್ಮ ತಮ್ಮನ ವಿಷಯದಲ್ಲಿ ನಿಮಗೆ ಆಗ ಗೊತ್ತಿದ್ದಷ್ಟು ನೀವು ಮಾಡಿದಿರಿ.

---

ಹೊಂಗೆ ನೆರಳು

ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಭಾನುವಾರ ಬೇಳೆಸಾರು, ಅನ್ನ ತೆಗೆದುಕೊಂಡು ಅವರ ಮನೆಗೆ ಹೋದೆ. "ಆ ದಿನ ನಾನು ಬಾಗಿಲು ಹಾಕಿಕೊಂಡೆ, ತಪ್ಪಾಯಿತು. ವೀಸಾದ ದೆಸೆಯಿಂದ ಪೆಟ್ಟಿಗೆ ಇಟ್ಟುಕೊಳ್ಳಲಾರೆ. ಆದರೆ ನೀವು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಜೊತೆಗೆ ಬರ್ತೀನಿ" ಅಂದೆ. ಆಮೇಲೆ ಕೇಳಿದೆ, ಇಲ್ಲಿ ಕಲಿತ ಹಾಗೆ, ನೇರವಾಗಿ. ನನ್ನ ದನಿ ನಡುಗಿತು. ಅವರು ನಾಯಿಯ ಕಿವಿ ಸವರುತ್ತಾ ಬಹಳ ಹೊತ್ತು ಸುಮ್ಮನಿದ್ದರು. "ಈ ವಾರ ಇಲ್ಲ. ಕಳೆದ ತಿಂಗಳು ಹೌದು" ಅಂದರು.

ಬುಧವಾರ ಅವರ ಕಾರಿನಲ್ಲೇ ಹೋದೆವು. ಪೆಟ್ಟಿಗೆ ಹಿಂದೆ ಡಿಕ್ಕಿಯಲ್ಲಿ, ಅದನ್ನು ಎತ್ತಿದ್ದು ಇಳಿಸಿದ್ದು ಎಲ್ಲ ಅವರೇ. ಗನ್ ಅಂಗಡಿಯೊಳಗೆ ಕಾಲಿಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು. ಕೌಂಟರಿನಲ್ಲಿದ್ದ ಬಿಳಿಗಡ್ಡದ ಮನುಷ್ಯ ಯಾಕೆ ಅಂತ ಕೇಳಲಿಲ್ಲ, "ಎಷ್ಟು ದಿನಕ್ಕೆ?" ಅಂತ ಮಾತ್ರ ಕೇಳಿದ. "ಇನ್ನೂ ಗೊತ್ತಿಲ್ಲ" ಅಂದರು. ಆತ ಅಷ್ಟನ್ನೇ ಬರೆದುಕೊಂಡು ಹಳದಿ ಚೀಟಿ ಕೊಟ್ಟ.

ಚೀಟಿ ಅವರ ಫ್ರಿಜ್ಜಿನ ಮೇಲಿದೆ, ನಾಯಿಯ ಇಂಜೆಕ್ಷನ್ ಕಾರ್ಡಿನ ಪಕ್ಕ. ಹಿತ್ತಲ ದೀಪ ನಮ್ಮೆಜಮಾನ್ರು ಹಾಕಿಕೊಟ್ಟರು, ರಾತ್ರಿ ಬೆಕ್ಕು ಓಡಾಡಿದರೂ ಹತ್ತಿಕೊಂಡು ನಮ್ಮ ಅಡುಗೆಮನೆಗೂ ಬೆಳಕು ಬರುತ್ತದೆ. ಹತ್ತಿದಾಗೆಲ್ಲ ನಾನು ಕಿಟಕಿಯಿಂದ ಒಮ್ಮೆ ನೋಡುತ್ತೇನೆ. ನೆನ್ನೆ ಅವರೂ ಕಿಟಕಿಯಲ್ಲಿ ನಿಂತಿದ್ದರು, ಕೈ ಎತ್ತಿದರು.